ಪಕ್ಕದ ಮನೆ ಅಜ್ಜಿಯ ಜೋಡುನಳಿಗೆ ಕೋವಿ

ಹಿಮ ಕರಗಿ ಅಂಗಳದ ಹುಲ್ಲು ಕಾಣತೊಡಗಿದ ಒಂದು ಶನಿವಾರ ಪಕ್ಕದ ಮನೆಯ ಅಜ್ಜಿ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಬಾಳೆಹಣ್ಣಿನ ಬ್ರೆಡ್ ಇತ್ತು. ಅವರು ಬ್ರೆಡ್ ತಂದರು ಅಂದರೆ ಏನೋ ಕೆಲಸ ಇದೆ ಅಂತಲೇ ಲೆಕ್ಕ. ಹೋದ ಸಲ ಬ್ರೆಡ್ ಬಂದಾಗ ಅವರ ನೀರಿನ ಪಂಪು ಕೆಟ್ಟಿತ್ತು.

"ನೀನು ಅಳತೆ ಮಾಡೋ ಕೆಲಸದವನಲ್ವಾ? ಅಟ್ಟದಲ್ಲಿ ಎರಡು ಹಳೇ ಕೋವಿ ಸಿಕ್ಕಿವೆ. ಯಾವ ಕಾಲದ್ದು ಅಂತ ನೋಡಿ ಹೇಳ್ತೀಯಾ?"

ನಾನು ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಸಿರಕ್ಯೂಸ್ ಊರಿನ ಹೊರಗೆ. ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳು ಸರಿಯಾದ ಅಳತೆಗೆ ಬಂದಿವೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಕೋವಿ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ತೋಟೆ ಕೋವಿ ಇದೆ. ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸು. ಚಿಕ್ಕವನಿದ್ದಾಗ ಅದಕ್ಕೆ ಎಣ್ಣೆ ಹಚ್ಚುವುದು, ನಳಿಗೆಯೊಳಗೆ ಬಟ್ಟೆ ಹಾಕಿ ಎಳೆಯುವುದು ಮಾಡಿದ್ದೆ. ಹಾರಿಸಿದ್ದು ಒಂದೇ ಸಲ, ಅದೂ ಮಂಗನ ದಿಕ್ಕಿಗೆ, ಮಂಗಕ್ಕೆ ಏನೂ ಆಗಲಿಲ್ಲ.

ಅಜ್ಜಿಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆ ಮಾರಿ ಮಗಳ ಊರಿಗೆ ಹೋಗುವ ತಯಾರಿ ನಡೆದಿತ್ತು. ಕೋವಿಗಳು ಮೊಮ್ಮಗನಿಗೆ ಬೇಕಂತೆ. ಮಗಳು ಮಾತ್ರ "ಪೊಲೀಸರಿಗೆ ಕೊಟ್ಟು ಕೈ ತೊಳ್ಕೋ" ಅನ್ನುತ್ತಿದ್ದಳು. ಕೊಡುವುದಾದರೂ ಇಟ್ಟುಕೊಳ್ಳುವುದಾದರೂ ವಯಸ್ಸು ಗೊತ್ತಾಗಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿ ಪುರಾತನ ವಸ್ತು, ಅದಕ್ಕೆ ರಗಳೆ ಕಡಿಮೆ. 1899ರಲ್ಲಿ ಹುಟ್ಟಿದ್ದಾದರೆ ಅದು ಎಲ್ಲ ಕೋವಿಯಂತೆ ಒಂದು ಕೋವಿ, ನಮ್ಮ ನ್ಯೂಯಾರ್ಕ್ ರಾಜ್ಯದಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಕೈ ಬದಲಾಗಬೇಕು. ಒಂದು ವರ್ಷದ ಅಂತರಕ್ಕೆ ಇಷ್ಟೆಲ್ಲ.

ಅಜ್ಜಿಗೆ ಅದರ ಚಿಂತೆಯೇ ಇರಲಿಲ್ಲ. "ನನ್ನ ಗಂಡನ ಅಜ್ಜನಿಗೆ ಮದುವೆಯಲ್ಲಿ ಉಡುಗೊರೆ ಬಂದಿದ್ದು, 1890ರ ಸುಮಾರು" ಅಂದರು. ಮನೆಯಲ್ಲಿ ಎಲ್ಲರೂ ಹಾಗೇ ಹೇಳಿಕೊಂಡು ಬಂದಿದ್ದರಂತೆ. ನನ್ನಿಂದ ಬೇಕಾಗಿದ್ದದ್ದು ಅದಕ್ಕೊಂದು ಸಹಿ, ಅಷ್ಟೆ.

ಅವರ ಅಡುಗೆಮನೆಯ ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ಎರಡನ್ನೂ ಮಲಗಿಸಿದೆವು. ಮೊದಲನೇ ಕೆಲಸ ಒಳಗೆ ತೋಟೆ ಇದೆಯಾ ನೋಡುವುದು. ಕೋವಿ ಎಷ್ಟೇ ಹಳೆಯದಾಗಲಿ, ಯಾರು ಏನೇ ಹೇಳಲಿ, ಮಡಚಿ ಕಣ್ಣಾರೆ ನೋಡಬೇಕು. ಎರಡರಲ್ಲೂ ತೋಟೆ ಇರಲಿಲ್ಲ. ಆದರೆ ಒಂದರ ಎಡ ನಳಿಗೆಯಲ್ಲಿ ಬೆಳಕು ಕಾಣಲಿಲ್ಲ. ಮರದ ಕಡ್ಡಿ ಇಳಿಬಿಟ್ಟರೆ ನಾಲ್ಕು ಬೆರಳು ಬಾಕಿ ಇರುವಾಗ ನಿಂತುಹೋಯಿತು. ಎದೆ ಒಂದು ಕ್ಷಣ ಧಸಕ್ಕೆಂದಿತು. ಮೆಲ್ಲಗೆ ಕುಟ್ಟಿದರೆ ಒಣ ಮಣ್ಣು ಉದುರಿತು. ಕುಂಬಾರ ಹುಳ ಗೂಡು ಕಟ್ಟಿತ್ತು. ಅಜ್ಜಿ ನಕ್ಕು ಪೊರಕೆ ತಂದರು.

ಆ ಮಣ್ಣಿನ ಕೋವಿಯ ಕಥೆ ಬೇಗ ಮುಗಿಯಿತು. ಹೊರಗೆ ಎದ್ದು ಕಾಣುವ ಎರಡು ಕುದುರೆ, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆ, ನಳಿಗೆಯ ಮೈಮೇಲೆ ಹೆಬ್ಬಾವಿನ ಮೈಯಂಥ ಚಿತ್ತಾರ. ಪಕ್ಕದಲ್ಲಿ ‘ಡಬ್ಲ್ಯೂ. ರಿಚರ್ಡ್ಸ್’ ಅಂತ ಹೆಸರು. ಅಜ್ಜಿಯ ಮನೆಯವರು ಇದನ್ನು ಇಂಗ್ಲೆಂಡಿನ ಕೋವಿ ಅಂದುಕೊಂಡಿದ್ದರು. ಇಂಗ್ಲೆಂಡಿನಲ್ಲಿ ವೆಸ್ಟ್ಲಿ ರಿಚರ್ಡ್ಸ್ ಅಂತ ದೊಡ್ಡ ಹೆಸರಿನ ಕಂಪನಿ ಇದೆ, ನಾನೂ ಕೇಳಿದ್ದೆ. ನಳಿಗೆ ಬಿಚ್ಚಿ ಮಗುಚಿ ಹಾಕಿದರೆ ಹೊಟ್ಟೆಯ ಕಡೆ ಮೊಟ್ಟೆಯಾಕಾರದ ಪುಟ್ಟ ಮುದ್ರೆ, ಅದರೊಳಗೆ ಇ, ಎಲ್, ಜಿ ಅನ್ನುವ ಅಕ್ಷರಗಳು, ತಲೆಯ ಮೇಲೊಂದು ಕಿರೀಟ. ಅದು ಬೆಲ್ಜಿಯಂ ದೇಶದ ಲಿಯೇಜ್ ಊರಿನ ಪರೀಕ್ಷಾ ಮುದ್ರೆ. ಕೋವಿಗೆ ಜಾಸ್ತಿ ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯದೆ ಉಳಿದರೆ ಒತ್ತುವ ಠಸ್ಸೆ. ಕಿರೀಟ ಸೇರಿದ್ದು 1893ರಲ್ಲಿ. ಅಲ್ಲಿಗೆ ಇದು 1893ರ ಈಚಿನದು, ಬೆಲ್ಜಿಯಂನದು. ದೊಡ್ಡ ಹೆಸರು ನೆನಪಾಗುವಂಥ ಹೆಸರು ಕೆತ್ತಿಸಿ ಹಡಗಿನಲ್ಲಿ ತರಿಸಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಾರುತ್ತಿದ್ದ ಅಗ್ಗದ ಮಾಲು. ನಮ್ಮಲ್ಲಿ ಪೇಟೆ ಬೀದಿಯಲ್ಲಿ ಒಂದಕ್ಷರ ಬದಲಾದ ಬ್ರಾಂಡಿನ ಚಪ್ಪಲಿ ಸಿಗಲ್ವಾ, ಹಾಗೆ.

ಚಿತ್ತಾರದ ನಳಿಗೆಗೆ ಡಮಾಸ್ಕಸ್ ಅನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಸಣ್ಣ ಸರಳುಗಳನ್ನು ಜಡೆಯಂತೆ ಹೊಸೆದು, ಒಂದು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಒಂದಾಗಿಸಿದ್ದು. ನೋಡಲು ಚೆಂದ. ಈಗಿನ ಮದ್ದಿನಷ್ಟು ಒತ್ತಡ ಕೊಡದ ಹಳೇ ಕಪ್ಪು ಮದ್ದಿನ ಕಾಲಕ್ಕೆ ಮಾಡಿದ್ದು ಅದು. ಒಳಗಿನ ಬೆಸುಗೆಯಲ್ಲಿ ತುಕ್ಕು ಎಲ್ಲಿ ಕೂತಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಇದನ್ನು ಗೋಡೆಗೆ ನೇತುಹಾಕಿ, ಹೊಸ ತೋಟೆ ಹಾಕಿ ಹಾರಿಸುವ ಮಾತೇ ಬೇಡ ಅಂದೆ.

ಎರಡನೆಯದೇ ನನ್ನನ್ನು ಎರಡು ತಿಂಗಳು ಕಾಡಿದ್ದು.

ಇದರಲ್ಲಿ ಹೊರಗೆ ಕುದುರೆ ಇಲ್ಲ, ಎಲ್ಲ ಒಳಗೇ. ಚಿತ್ತಾರವಿಲ್ಲದ ನಯವಾದ ಉಕ್ಕಿನ ನಳಿಗೆ. ಪಕ್ಕದ ತಟ್ಟೆಗಳ ಮೇಲೆ ತುಕ್ಕಿನ ಪದರ, ಅದರಡಿ ಸವೆದ ಅಕ್ಷರ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಓದಲು ಬಂತು: ಎಲ್.ಸಿ. ಸ್ಮಿತ್.

ನಾನು ಕೂತಲ್ಲೇ ನಕ್ಕುಬಿಟ್ಟೆ. ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಓದಿದ ಕಾಲೇಜಿನ ಹೆಸರೇ ಎಲ್.ಸಿ. ಸ್ಮಿತ್ ಇಂಜಿನಿಯರಿಂಗ್ ಕಾಲೇಜು. ಆ ಮನುಷ್ಯ ಟೈಪ್‌ರೈಟರ್ ಮಾಡಿ ಶ್ರೀಮಂತನಾದವನು ಅಂತ ಮಾತ್ರ ನಮಗೆ ಗೊತ್ತಿತ್ತು. ಮುಂದೆ ಸ್ಮಿತ್ ಕರೋನಾ ಅಂತ ಹೆಸರಾದ ಟೈಪ್‌ರೈಟರಿನ ಬೇರು ಇವನ ಮನೆಯದೇ. ಸಿಯಾಟಲ್‌ನ ಸ್ಮಿತ್ ಟವರ್ ಕೂಡ ಇವನ ದುಡ್ಡಿನದೇ. ಅದು 1914ರಲ್ಲಿ ಮುಗಿಯಿತು, ನೋಡಲು ಆತ ಇರಲಿಲ್ಲ, 1910ರಲ್ಲೇ ಹೋಗಿದ್ದ. ಟೈಪ್‌ರೈಟರಿಗೂ ಮೊದಲು ಇದೇ ಊರಿನಲ್ಲಿ ಕೋವಿ ಮಾಡುತ್ತಿದ್ದ ಅನ್ನುವುದು ನನಗೆ ಅಂದು ಗೊತ್ತಾಯಿತು. ಕಾಲೇಜಿನ ಕಾರಿಡಾರಿನಲ್ಲಿ ಎರಡು ವರ್ಷ ಓಡಾಡಿದ್ದೂ ದಂಡ.

ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ಲೈಮನ್ ಕಾರ್ನೀಲಿಯಸ್ ಸ್ಮಿತ್ ಕೋವಿ ಮಾಡುತ್ತಿದ್ದದ್ದು 1880ರ ದಶಕದಲ್ಲಿ. ಒಳಕುದುರೆಯ ಕೋವಿ ಹೊರಬಂದದ್ದು 1886ರ ಸುಮಾರಿಗೆ, ರೂಪಿಸಿದವನು ಅಲೆಕ್ಸಾಂಡರ್ ಬ್ರೌನ್. ಸರಿ, ಅಜ್ಜಿ ಹೇಳಿದ್ದು ಕೂಡಿಬಂತು, ಉಡುಗೊರೆಗೆ ಲೆಕ್ಕ ಸರಿಯಾಯಿತು ಅಂದುಕೊಂಡೆ. ಬೆಳಿಗ್ಗೆ ಎದ್ದು ಫೋನಿನಲ್ಲಿ ಹೇಳಿಯೂಬಿಟ್ಟೆ: "ಅಜ್ಜಿ, ನೀವು ಹೇಳಿದ್ದೇ ಸರಿ. 1890ಕ್ಕೂ ಹಿಂದಿನದ್ದು."

ಅದು ನನ್ನ ಮೊದಲ ತಪ್ಪು. ಪೇಟೆಂಟಿನ ತಾರೀಖು, ಹೆಸರಿನ ಮನುಷ್ಯನ ಕಾಲ, ಇವೆಲ್ಲ ಹೇಳುವುದು ಒಂದೇ ಮಾತು: ಈ ಕೋವಿ ಇದಕ್ಕಿಂತ ಮೊದಲು ಹುಟ್ಟಿರಲಾರದು ಅಂತ. ಯಾವಾಗ ಹುಟ್ಟಿತು ಅಂತ ಅಲ್ಲ. ಯಾರದ್ದಾದರೂ ಮನೆಗೆ ಅವರ ತಾತನ ಹೆಸರಿಟ್ಟಿದ್ದರೆ ಆ ಮನೆ ತಾತನ ಕಾಲದ್ದೇ ಆಗಬೇಕೆಂದೇನಿದೆ?

ಮುಂದಿನ ಶನಿವಾರ ಮತ್ತೆ ಹೋದೆ. ಈ ಸಲ ಭೂತಗನ್ನಡಿ, ಕ್ಯಾಲಿಪರ್, ಟಾರ್ಚು ಒಯ್ದಿದ್ದೆ. ನಳಿಗೆಯ ಮೇಲೆ, ತುಕ್ಕಿನ ಮಧ್ಯೆ, ಇನ್ನೊಂದು ಸಾಲು ಸಿಕ್ಕಿತು. ಹಂಟರ್ ಆರ್ಮ್ಸ್ ಕಂಪನಿ, ತಯಾರಕರು, ಫುಲ್ಟನ್, ನ್ಯೂಯಾರ್ಕ್. ಅಲ್ಲಿಗೆ ನನ್ನ ಹಿಂದಿನ ವಾರದ ಪಾಂಡಿತ್ಯ ಮುಗಿಯಿತು. ಸ್ಮಿತ್ ಮಹಾಶಯ 1880ರ ದಶಕದ ಕೊನೆಗೆ ಕೋವಿ ವ್ಯಾಪಾರವನ್ನು ಫುಲ್ಟನ್ನಿನ ಹಂಟರ್ ಸಹೋದರರಿಗೆ ಮಾರಿ ಟೈಪ್‌ರೈಟರಿನ ಕಡೆ ಹೋಗಿದ್ದ. ಕೋವಿಗೆ ಹೆಸರು ಮಾತ್ರ ಅವನದ್ದೇ ಉಳಿಯಿತು. ಸಿರಕ್ಯೂಸ್ ಅಂತಿದ್ದರೆ ಸ್ಮಿತ್‌ನ ಕಾಲ. ಫುಲ್ಟನ್ ಅಂತಿದ್ದರೆ ಹಂಟರ್ ಕಾಲ, ಅಂದರೆ 1890ರಿಂದ 1945ರವರೆಗಿನ ಯಾವ ವರ್ಷವೂ ಆಗಬಹುದು. 1945ರಲ್ಲಿ ಮಾರ್ಲಿನ್ ಕಂಪನಿ ಅದನ್ನು ಕೊಂಡ ಮೇಲೆ ಮುದ್ರೆ ಎಲ್.ಸಿ. ಸ್ಮಿತ್ ಗನ್ ಕಂಪನಿ ಅಂತ ಬದಲಾಯಿತು. 1949ರ ಜನವರಿಯಲ್ಲಿ ಫುಲ್ಟನ್ ಕಾರ್ಖಾನೆಯ ನೆಲವೇ ಕುಸಿಯಿತು. ಆಮೇಲೆ ಹೆಚ್ಚು ದಿನ ನಡೆಯಲಿಲ್ಲ.

ಐವತ್ತೈದು ವರ್ಷದ ಕಿಂಡಿ. ಇದನ್ನು ಸಣ್ಣದು ಮಾಡುವುದು ಹೇಗೆ?

ಇಂಗ್ಲಿಷ್ ಕೋವಿಯಾದರೆ ಹೊಟ್ಟೆಯ ಮುದ್ರೆಗಳೇ ಅರ್ಧ ಕಥೆ ಹೇಳುತ್ತವೆ. ಅಲ್ಲಿ ಪರೀಕ್ಷೆ ಕಾನೂನು, ಮುದ್ರೆಯ ಆಕಾರ ಕಾಲಕಾಲಕ್ಕೆ ಬದಲಾಗಿದೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಪರೀಕ್ಷಾ ಮನೆಯೇ ಇರಲಿಲ್ಲ. ಕಂಪನಿಗಳು ತಮ್ಮ ಪಾಡಿಗೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದವು. ಸೀರಿಯಲ್ ನಂಬರು ಇರಲೇಬೇಕು ಅನ್ನುವ ಕಾನೂನು ಎಲ್ಲ ಕೋವಿಗೂ ಬಂದದ್ದು 1968ರಲ್ಲಿ. ಅದಕ್ಕೂ ಮೊದಲಿನ ಅಗ್ಗದ ಕೋವಿಗಳಲ್ಲಿ ಎಷ್ಟಕ್ಕೋ ನಂಬರೇ ಇಲ್ಲ. ಒಳ್ಳೆಯ ಕಂಪನಿಗಳು ತಮ್ಮ ಲೆಕ್ಕಕ್ಕಾಗಿ ತಾವೇ ಹಾಕುತ್ತಿದ್ದವು. ಹಾಗಾಗಿ ಇಲ್ಲಿ ವಯಸ್ಸು ತಿಳಿಯಬೇಕಾದರೆ ನಂಬರು ಮತ್ತು ಕಂಪನಿಯ ಹಳೇ ಲೆಕ್ಕದ ಪುಸ್ತಕ, ಇವೆರಡೇ ಗತಿ.

ನಂಬರು ಹುಡುಕಲು ಕೋವಿ ಬಿಚ್ಚಬೇಕು. ಜೋಡುನಳಿಗೆಯಲ್ಲಿ ಅದೇನು ಕಷ್ಟದ್ದಲ್ಲ, ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿದರೆ ಕೋವಿ ಮೂರು ಭಾಗವಾಗಿ ಕೈಗೆ ಬರುತ್ತದೆ. ನಾನು ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಒಳಗೆ ಇನ್ನೇನಾದರೂ ಬರೆದಿರಬಹುದು ಅಂತ ಪಕ್ಕದ ತಟ್ಟೆಯ ಸ್ಕ್ರೂಗೆ ಮನೆಯ ಸ್ಕ್ರೂಡ್ರೈವರ್ ಹಾಕಿದೆ. ಕೋವಿಯ ಸ್ಕ್ರೂಗಳ ಸೀಳು ಕೂದಲೆಳೆಯಷ್ಟು ತೆಳುವು. ನನ್ನ ಸ್ಕ್ರೂಡ್ರೈವರ್ ತುದಿ ಜಾರಿತು, ಸೀಳಿನ ಒಂದು ಅಂಚು ಮುಕ್ಕಾಯಿತು. ಬೆಳ್ಳಗೆ ಹೊಳೆಯುವ ಒಂದು ಸಣ್ಣ ಗಾಯ. ಅಜ್ಜಿ ನೋಡಲಿಲ್ಲ, ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ನಾನೇ ಹೇಳಿದೆ. "ಅಯ್ಯೋ, ನನ್ನ ಗಂಡ ಅದರಲ್ಲಿ ಬೇಲಿ ಗೂಟ ಹೊಡೀತಿದ್ದ, ಬಿಡು" ಅಂದರು.

ಮೂರೂ ಭಾಗದಲ್ಲಿ ನಂಬರು ಇತ್ತು. ಚೌಕಟ್ಟಿನ ಚಪ್ಪಟೆ ಭಾಗದ ಮೇಲೆ, ನಳಿಗೆಯ ಹೊಟ್ಟೆಯಲ್ಲಿ, ಮುಂದಿನ ಮರದ ಕಬ್ಬಿಣದ ಮೇಲೆ. ಮೂರೂ ಒಂದೇ ಆಗಿರಬೇಕು. ಆಗಿರದಿದ್ದರೆ ಯಾವುದೋ ಕೋವಿಯ ನಳಿಗೆ ತಂದು ಯಾವುದಕ್ಕೋ ಕೂರಿಸಿದ್ದಾರೆ ಅಂತ. ಚೌಕಟ್ಟಿನದು ಚೆನ್ನಾಗಿ ಕಾಣುತ್ತಿರಲಿಲ್ಲ, ನಳಿಗೆಯದರ ಮೇಲೆ ತುಕ್ಕು. ಅಂತೂ ಒಂದು ನಂಬರು ಬರೆದುಕೊಂಡೆ.

ಅಳತೆ ನನ್ನ ಕ್ಷೇತ್ರ, ಅಲ್ಲಿ ಮಾತ್ರ ಧೈರ್ಯ ಇತ್ತು. ನಮ್ಮ ಊರಲ್ಲಿ 12 ಬೋರ್ ಅನ್ನುವುದನ್ನು ಇಲ್ಲಿ 12 ಗೇಜ್ ಅನ್ನುತ್ತಾರೆ. ನಳಿಗೆಯ ಒಳಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗಿದರೆ ಅದು 12. ಹಾಗಾಗಿ ನಂಬರು ಜಾಸ್ತಿ ಆದಷ್ಟೂ ತೂತು ಸಣ್ಣ. 12ಕ್ಕೆ 18.5 ಮಿಲಿಮೀಟರ್, 16ಕ್ಕೆ 16.8, 20ಕ್ಕೆ 15.6. ತುದಿಯಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಯಾಕೆಂದರೆ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಜಾಸ್ತಿ ಹರಡದಿರಲಿ ಅಂತ ಬಾಯಿಯನ್ನು ಸ್ವಲ್ಪ ಕಿರಿದು ಮಾಡಿರುತ್ತಾರೆ. ಬಲ ನಳಿಗೆಯ ಬಾಯಿ 16.4 ಇತ್ತು, ಎಡದ್ದು 16.1. ಹಿಂದಿನಿಂದ, ತೋಟೆ ಕೂರುವ ಜಾಗ ದಾಟಿ ಅಳೆದಾಗ 16.8 ಬಂತು. 16 ಗೇಜ್. ನಳಿಗೆಯ ಉದ್ದ 26 ಇಂಚು. ತೋಟೆ ಕೂರುವ ಗೂಡಿನ ಉದ್ದ 65 ಮಿಲಿಮೀಟರ್.

ಈ 65 ಅನ್ನುವುದು ಸಣ್ಣ ವಿಷಯ ಅಲ್ಲ. ಈಗ ಅಂಗಡಿಯಲ್ಲಿ ಸಿಗುವ 16ರ ತೋಟೆಗೆ 70 ಮಿಲಿಮೀಟರ್ ಗೂಡು ಬೇಕು. ಹಾರಿಸದ ತೋಟೆ ಹಳೇ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹಾರಿದಾಗ ಅದರ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮೊಮ್ಮಗನಿಗೆ ಅಂತ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೋವಿಯ ಚೀಲಕ್ಕೆ ಹಾಕಿದೆ.

ಇಷ್ಟಾದ ಮೇಲೆ ಒಬ್ಬ ತಿಳಿದವರ ಹತ್ತಿರ ಹೋಗೋಣ ಅನ್ನಿಸಿತು. ಫುಲ್ಟನ್ ನಮ್ಮಲ್ಲಿಂದ ಮುಕ್ಕಾಲು ಗಂಟೆ ದಾರಿ, ಆಸ್ವೀಗೋ ಹೊಳೆಯ ದಡದ ಸಣ್ಣ ಊರು. ಕೋವಿಗಿಂತ ಚಾಕೊಲೇಟಿಗೆ ಜನ ಅದನ್ನು ನೆನಪಿಡುತ್ತಾರೆ, ನೆಸ್ಲೆ ಕಾರ್ಖಾನೆ 2003ರಲ್ಲಿ ಮುಚ್ಚುವ ತನಕ ಊರಿಗೆ ಊರೇ ಚಾಕೊಲೇಟ್ ವಾಸನೆ ಬರುತ್ತಿತ್ತಂತೆ. ಅಲ್ಲಿ ಕೋವಿ ರಿಪೇರಿ ಮಾಡುವ ಒಬ್ಬ ಮುದುಕರಿದ್ದಾರೆ. ಅಜ್ಜಿಯನ್ನು ಕೂರಿಸಿಕೊಂಡು ಹೋದೆ. ಕೋವಿ ಅವರದ್ದು, ಅವರಿಲ್ಲದೆ ನಾನು ಅದನ್ನು ಕಾರಿಗೆ ಹಾಕುವವನಲ್ಲ.

ಮುದುಕರು ಹೆಸರನ್ನು ನೋಡಲೇ ಇಲ್ಲ. ಮೊದಲು ಹೆಬ್ಬೆರಳಿನಲ್ಲಿ, ಕೋವಿ ಮಡಚಲು ತಿರುಗಿಸುವ ಮೇಲಿನ ಲಿವರ್ ಮುಟ್ಟಿದರು. ಮುಚ್ಚಿದಾಗ ಅದು ನಡುವಿಗಿಂತ ಒಂಚೂರು ಬಲಕ್ಕೇ ನಿಂತಿತ್ತು. "ಇನ್ನೂ ಬಿಗಿ ಇದೆ" ಅಂದರು. ಸ್ಮಿತ್ ಕೋವಿಯಲ್ಲಿ ನಳಿಗೆಯಿಂದ ಹಿಂದಕ್ಕೆ ಚಾಚಿದ ಒಂದು ನಾಲಿಗೆ ಇದೆ. ತಿರುಗುವ ಬೀಗವೊಂದು ಅದನ್ನು ಕಚ್ಚಿ ಹಿಡಿಯುತ್ತದೆ. ಸವೆದಷ್ಟೂ ಬೀಗ ಇನ್ನಷ್ಟು ತಿರುಗಿ ತಾನೇ ಬಿಗಿ ಮಾಡಿಕೊಳ್ಳುತ್ತದೆ. ಹೊಸತರಲ್ಲಿ ಲಿವರ್ ಬಲಕ್ಕೆ, ವರ್ಷಗಳು ಕಳೆದಂತೆ ನಡುವಿಗೆ, ಆಮೇಲೆ ಎಡಕ್ಕೆ. ಕೋವಿ ಎಷ್ಟು ದುಡಿದಿದೆ ಅಂತ ಹೇಳುವ ಮುಳ್ಳು ಅದು. ಇಂಜಿನಿಯರ್ ಆಗಿ ನನಗೆ ಇಡೀ ಕೋವಿಯಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಯಾರೋ ಕೂತು ಯೋಚನೆ ಮಾಡಿದ್ದಾರೆ.

ಆಮೇಲೆ ತಟ್ಟೆಯ ಹಿಂಬದಿಯ ಮರದ ಮೇಲೆ ಉಗುರು ಎಳೆದರು. ಕಣ್ಣಿಗೆ ಕಾಣದ ಒಂದು ಬಿರುಕು ಉಗುರಿಗೆ ಸಿಕ್ಕಿತು. ಬೀಗದ ತಟ್ಟೆ ಕೂರಿಸಲು ಅಲ್ಲಿ ಮರವನ್ನು ತುಂಬಾ ಕೊರೆದಿರುತ್ತಾರೆ, ಹಾರಿಸಿದಾಗಿನ ಒದೆತ ಅಲ್ಲೇ ಬೀಳುತ್ತದೆ. "ಈ ಬಿರುಕು ಇಲ್ಲದ ಸ್ಮಿತ್ ತಂದರೆ ನಾನು ಅನುಮಾನ ಪಡ್ತೀನಿ" ಅಂತ ನಕ್ಕರು. ನನ್ನ ಸ್ಕ್ರೂ ಗಾಯದ ಮೇಲೂ ಅವರ ಕಣ್ಣು ಬಿತ್ತು. ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ.

ಅವರ ಅಂಗಡಿಯ ಗೋಡೆಯೇ ಒಂದು ಪಾಠಶಾಲೆ. ಫಿಲಡೆಲ್ಫಿಯಾದ ಫಾಕ್ಸ್ ಕೋವಿ ತೆಗೆದು ತೋರಿಸಿದರು. ಅದರಲ್ಲಿ ನಂಬರೇ ಗೇಜ್ ಹೇಳಿಬಿಡುತ್ತದೆ: ಸ್ಟರ್ಲಿಂಗ್‌ವರ್ತ್ ಅನ್ನುವ ಸಾದಾ ಮಾದರಿಯಲ್ಲಿ 12ಕ್ಕೆ 50,000ದಿಂದ, 20ಕ್ಕೆ 2,50,000ದಿಂದ, 16ಕ್ಕೆ 3,50,000ದಿಂದ ಎಣಿಕೆ. 1929ರಲ್ಲಿ ಸ್ಯಾವೇಜ್ ಕಂಪನಿ ಕೊಂಡ ಮೇಲೆ ಫಾಕ್ಸ್ ತಯಾರಿಕೆ ಯುಟಿಕಾ ಊರಿಗೆ ಬಂತು, ಹಾಗಾಗಿ ಫಿಲಡೆಲ್ಫಿಯಾ ಅನ್ನುವ ಅಕ್ಷರ ಕಂಡರೆ ಅದಕ್ಕೂ ಹಿಂದಿನದು. ಕನೆಕ್ಟಿಕಟ್‌ನ ಮೆರಿಡನ್ನಿನ ಪಾರ್ಕರ್ ಕೋವಿಯಲ್ಲಿ ನಳಿಗೆಯ ಕೊಂಡಿಯ ಮೇಲೆ 1, 2 ಅಂತ ಒಂಟಿ ಅಂಕಿ ಇರುತ್ತದೆ. ಅದು ಚೌಕಟ್ಟಿನ ಗಾತ್ರ. ಅದನ್ನು ಸೀರಿಯಲ್ ಅಂತಲೋ ಗ್ರೇಡ್ ಅಂತಲೋ ತಿಳಿದು ಬರುವವರು ವಾರಕ್ಕೊಬ್ಬರಂತೆ. ಇಥಾಕಾ ಕಂಪನಿಯದಾದರೆ ಫ್ಲೂಸ್ ಮಾದರಿ 1908ರಿಂದ 1926, ಆಮೇಲೆ ಹೊಸ ಮಾದರಿ. ಇಥಾಕಾ ಶುರುಮಾಡಿದವರಲ್ಲಿ ಒಬ್ಬ ಲಿರಾಯ್ ಸ್ಮಿತ್, ನಮ್ಮ ಟೈಪ್‌ರೈಟರ್ ಸ್ಮಿತ್‌ನ ಒಡಹುಟ್ಟಿದವನು. ಒಂದೇ ಮನೆಯಿಂದ ಎರಡು ಕೋವಿ ಕಂಪನಿ. ನಮ್ಮ ಕಡೆ ಅಣ್ಣತಮ್ಮ ಪಾಲಾಗಿ ಎದುರುಬದುರು ಹೋಟೆಲ್ ಹಾಕಿದ ಹಾಗೆ ಅಂದುಕೊಂಡೆ.

ನಮ್ಮ ಕೋವಿಗೆ ಅವರು ಹೇಳಿದ್ದು ಒಂದೇ ಮಾತು. "ನಾನು ಅಂದಾಜು ಹೇಳಬಹುದು. ಅಂದಾಜು ಯಾಕೆ? ಸ್ಮಿತ್ ಕಾರ್ಖಾನೆಯ ಪುಸ್ತಕಗಳು ಉಳಿದಿವೆ." ಆ ಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿ ಊರಿನ ಕೋವಿ ವಸ್ತುಸಂಗ್ರಹಾಲಯದಲ್ಲಿವೆ. ನಂಬರು, ಗೇಜು ಬರೆದು ಶುಲ್ಕ ಕಟ್ಟಿದರೆ ಅದರಲ್ಲಿ ಏನಿದೆ ಅಂತ ಪತ್ರ ಬರುತ್ತದೆ. ಎಷ್ಟೋ ಕಂಪನಿಗಳ ಲೆಕ್ಕ ಬೆಂಕಿಗೋ ಕಸಕ್ಕೋ ಹೋಗಿದೆ, ಇದು ಉಳಿದದ್ದು ಪುಣ್ಯ.

ಅರ್ಜಿ ಹಾಕಿದೆ. ಬಂದ ಉತ್ತರ ಓದಿ ಬೆಪ್ಪಾದೆ. ಆ ನಂಬರಿನ ಕೋವಿ 12 ಗೇಜ್, 30 ಇಂಚಿನ ನಳಿಗೆ. ನನ್ನ ಮುಂದಿರುವುದು 16, 26 ಇಂಚು. ಇಡೀ ಕೋವಿಯೇ ಬೇರೆ!

ಪುಸ್ತಕ ತಪ್ಪೋ ನಾನು ತಪ್ಪೋ? ನೂರು ವರ್ಷದ ಹಿಂದಿನ ಗುಮಾಸ್ತನ ಮೇಲೆ ಹಾಕುವುದು ಸುಲಭ. ಆದರೆ ನನ್ನ ಕೆಲಸದಲ್ಲಿ ಅಳತೆ ತಾಳೆಯಾಗದಿದ್ದರೆ ಮೊದಲು ಅನುಮಾನ ಪಡುವುದು ಅಳೆದವನನ್ನೇ. ಅಂದು ಸಂಜೆ ಅಜ್ಜಿಯ ಮನೆಗೆ ಹೋಗುವಾಗ ಹೆಂಡತಿಯ ರಂಗೋಲಿ ಡಬ್ಬಿ ತೆಗೆದುಕೊಂಡು ಹೋದೆ. ನಳಿಗೆಯ ಹೊಟ್ಟೆಗೆ ಒಂದು ತೊಟ್ಟು ಎಣ್ಣೆ ಹಚ್ಚಿ, ಒರೆಸಿ, ಬಿಳಿ ಪುಡಿ ಸವರಿ, ಮೇಲಿಂದ ಕಾಗದದ ಅಂಚಿನಲ್ಲಿ ಎಳೆದೆ. ಪುಡಿ ಗುಂಡಿಯಲ್ಲಿ ಉಳಿಯಿತು, ಮಿಕ್ಕಿದ್ದು ಹೋಯಿತು. ಕಪ್ಪು ಕಬ್ಬಿಣದ ಮೇಲೆ ಬಿಳೀ ಅಂಕಿಗಳು ಒಂದೊಂದಾಗಿ ಎದ್ದು ನಿಂತವು. ಮೂರನೇ ಅಂಕಿಯನ್ನು ನಾನು 8 ಅಂತ ಬರೆದಿದ್ದೆ. ಅದರ ಎಡಗಡೆ ತುಕ್ಕಿನ ಕುಳಿ ಇತ್ತು. ಪುಡಿ ಆ ಕುಳಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಕೂತಿತ್ತು, ಅಂಕಿಯ ಗೆರೆಯಲ್ಲಿ ಮಾತ್ರ ನೇರವಾಗಿ. ಅದು 3. ಮುಂದಿನ ಮರದ ಕಬ್ಬಿಣದ ಮೇಲೂ ಹಾಗೇ ಮಾಡಿದೆ. ಅಲ್ಲೂ 3. ಮೂರೂ ಕಡೆ ನಂಬರು ಒಂದೇ ಇತ್ತು, ನಾನು ಮೂರನ್ನೂ ಒಂದೇ ಥರ ತಪ್ಪು ಓದಿದ್ದೆ. ಮೊದಲನೆಯದನ್ನು 8 ಅಂತ ಓದಿದ ಕಣ್ಣು ಮಿಕ್ಕೆರಡರಲ್ಲೂ 8ನ್ನೇ ಹುಡುಕಿತ್ತು.

ಎರಡನೇ ಪತ್ರ ಬಂದದ್ದು ಜೂನಿನಲ್ಲಿ. 16 ಗೇಜ್, 26 ಇಂಚು, ಫೀಲ್ಡ್ ಗ್ರೇಡ್, ಅಂದರೆ ಸಾದಾ ದರ್ಜೆ. ಬಲ ನಳಿಗೆಗಿಂತ ಎಡದರ ಬಾಯಿ ಕಿರಿದು. ಎಲ್ಲ ತಾಳೆ. ಫೀಲ್ಡ್ ಅನ್ನುವ ಮಾತೇ ಒಂದು ಸಾಕ್ಷಿ, ಯಾಕೆಂದರೆ ಹಂಟರ್ ಕಂಪನಿ ಗ್ರೇಡುಗಳಿಗೆ ಅಂಕಿಯ ಬದಲು ಹೆಸರು ಇಡತೊಡಗಿದ್ದು 1913ರಲ್ಲಿ. ಕಾರ್ಖಾನೆ ಬಿಟ್ಟದ್ದು 1921ರ ಅಕ್ಟೋಬರ್. ಹೋದದ್ದು ರಾಚೆಸ್ಟರಿನ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ.

1890ರ ಮದುವೆಗೆ ಮೂವತ್ತೊಂದು ವರ್ಷ ತಡ.

ಪತ್ರ ತೆಗೆದುಕೊಂಡು ಹೋಗುವಾಗ ನನಗೆ ಸಂಕೋಚವಾಗಿತ್ತು. ಅವರ ಗಂಡ ಸಾಯುವ ತನಕ ನಂಬಿದ್ದ ಮಾತು ಅದು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ, "1921ಕ್ಕೆ ಆ ಅಜ್ಜ ಇರಲೇ ಇಲ್ಲ. 1918ರ ಜ್ವರದಲ್ಲಿ ಹೋದ. ಕಲ್ಲಿನ ಮೇಲೆ ಬರೆದಿದೆ" ಅಂದರು.

"ಹಾಗಾದ್ರೆ ಅವರ ಮಗ ತಗೊಂಡಿರಬಹುದಾ?"

"ನನ್ನ ಮಾವ ಆಗ ಒಂಬತ್ತು ವರ್ಷದ ಹುಡುಗ."

ಇಬ್ಬರೂ ಸುಮ್ನೆ ಕೂತೆವು. ನನಗೆ ಒಂದು ಅಳತೆ ನೆನಪಾಯಿತು. ಹೆಗಲಿಗೆ ಒತ್ತುವ ಮರದ ತುದಿಯಿಂದ ಟ್ರಿಗರಿನವರೆಗೆ ಸಾಧಾರಣವಾಗಿ 14 ಇಂಚು ಇರುತ್ತದೆ. ಇದರಲ್ಲಿ 12 ಮುಕ್ಕಾಲು. ಯಾರೋ ಗರಗಸದಲ್ಲಿ ನೀಟಾಗಿ ಕೊಯ್ದು ಚಿಕ್ಕದು ಮಾಡಿದ್ದರು. ಕೊಯ್ದ ಜಾಗದ ಮರವೂ ಮಿಕ್ಕ ಮರದಷ್ಟೇ ಕಪ್ಪಾಗಿತ್ತು, ಅಂದರೆ ಅದೂ ಇತ್ತೀಚಿನ ಕೆಲಸವಲ್ಲ. ಹುಡುಗರಿಗಾಗಿ ಮಾಡಿರಬಹುದು ಅಂತ ನಾನು ಅದನ್ನು ಟಿಪ್ಪಣಿಯಲ್ಲಿ ಬರೆದು ಮರೆತಿದ್ದೆ. ಅದನ್ನು ಹೇಳಿದೆ.

ಅಜ್ಜಿ ಎದ್ದು ಹೋಗಿ ಒಂದು ಫೋಟೊ ತಂದರು. ಹಸುವಿನ ಕೊಟ್ಟಿಗೆಯ ಮುಂದೆ ನಿಂತ ಹೆಂಗಸು. ಪಕ್ಕದ ಹಾಲಿನ ಕ್ಯಾನು ಅವರ ಸೊಂಟದ ತನಕ ಬರುತ್ತಿತ್ತು. ಅಷ್ಟು ಕುಳ್ಳಿ. "ಗಂಡ ಹೋದ ಮೇಲೆ ಹನ್ನೆರಡು ಹಸು, ಮೂರು ಮಕ್ಕಳು, ಇವಳೊಬ್ಬಳೇ" ಅಂದರು. ಫೋಟೊದಲ್ಲಿ ಕೋವಿ ಇರಲಿಲ್ಲ. ಪತ್ರ ಹೇಳುವುದು ಕೋವಿ ಕಾರ್ಖಾನೆಯಿಂದ ಯಾವಾಗ ಹೊರಟಿತು ಅಂತ ಮಾತ್ರ, ರಾಚೆಸ್ಟರಿನ ಅಂಗಡಿಯಿಂದ ಯಾರ ಕೈಗೆ ಹೋಯಿತು ಅಂತ ಅಲ್ಲ. ಹತ್ತು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡಿನಲ್ಲಿ ಬಂದಿರಬಹುದು ಅಂತ ನಾನು ಹೇಳಿದೆ. ಅಜ್ಜಿ ಕೇಳಿಸಿಕೊಂಡರೋ ಇಲ್ಲವೋ. ಕೋವಿಯ ಚೀಲದ ಮೇಲೆ ಗಂಡ ಅಂಟಿಸಿದ್ದ ‘ಅಜ್ಜನದು’ ಅನ್ನುವ ಚೀಟಿಯನ್ನು ಆಗಲೇ ಉಗುರಿನಲ್ಲಿ ಕೆರೆಯುತ್ತಿದ್ದರು.

1898ರ ಗೆರೆಯಿಂದ ಬಲು ಈಚೆ ಆದ್ದರಿಂದ ಕೋವಿ ಡೀಲರ್ ಮೂಲಕವೇ ಮೊಮ್ಮಗನ ಹೆಸರಿಗೆ ಹೋಯಿತು. ಬೆಲ್ಜಿಯಂನದ್ದು ಈಗ ಮಗಳ ಮನೆಯ ಗೋಡೆಯಲ್ಲಿದೆ, ಮಗಳೇ ಹಾಕಿಸಿದ್ದು.

ಈ ಗುಂಗಿನಲ್ಲಿ ಊರಿನ ಅಣ್ಣನಿಗೆ ಫೋನ್ ಮಾಡಿ, ನಮ್ಮ ಕೋವಿಯ ನಳಿಗೆ ಮಗುಚಿ ಫೋಟೊ ಕಳಿಸು ಅಂದಿದ್ದೆ. "ಎಲೆಕ್ಷನ್ ಅಂತ ಠಾಣೆಲಿ ಇಟ್ಟಿದೀನಿ ಮಾರಾಯ, ವಾಪಸ್ ಬರಲಿ" ಅಂದ. ಮೊನ್ನೆ ಕಳಿಸಿದ. ಒಂದಕ್ಕೊಂದು ಅಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ. ಬರ್ಮಿಂಗ್‌ಹ್ಯಾಮಿನ ಹಳೇ ಮುದ್ರೆ. ಆ ಮುದ್ರೆ 1904ರಲ್ಲಿ ಬದಲಾಯಿತು, ಹಾಗಾಗಿ ಅದಕ್ಕೂ ಹಿಂದಿನದು. ನಮ್ಮ ಅಜ್ಜ ಹುಟ್ಟುವ ಮೊದಲಿನದು.

ನಂಬರನ್ನೂ ರಂಗೋಲಿ ಪುಡಿ ಹಾಕಿ ಫೋಟೊ ತೆಗಿ ಅಂದೆ. ತೆಗೆದು, ಲೈಸೆನ್ಸ್ ಪುಸ್ತಕದ ಪುಟವನ್ನೂ ಜೊತೆಗೆ ಕಳಿಸಿದ. ಪುಸ್ತಕದಲ್ಲಿ ಕೋವಿ ನಂಬರು ಅಂತ ಐವತ್ತು ವರ್ಷದಿಂದ ಬರೆದುಕೊಂಡು ಬಂದಿರುವುದು ಚೌಕಟ್ಟಿನ ಪಕ್ಕದ ಪೇಟೆಂಟ್ ನಂಬರು. ಅಸಲಿ ನಂಬರು ಬೇರೆಯೇ ಇದೆ. "ಈಗ ಇದನ್ನ ಆಫೀಸಿಗೆ ಹೋಗಿ ಹೇಳ್ಬೇಕಾ?" ಅಂತ ಅಣ್ಣ ಕೇಳಿದ್ದಾನೆ. ಹೇಳಿದರೆ ಮುಂದಿನ ಎಲೆಕ್ಷನ್ ತನಕವಾದರೂ ಕೋವಿ ಮನೆಗೆ ಬರುವುದಿಲ್ಲ. ನಾನಿನ್ನೂ ಉತ್ತರ ಬರೆದಿಲ್ಲ.